ಕೀಬೋರ್ಡ್ ಮುಟ್ಟುವ ಮೊದಲು: ಕರೆಂಟ್ ಬಿಲ್ ಲೆಕ್ಕಕ್ಕೆ ಸೂಡೋಕೋಡ್ ಬರೆಯುವ ಕ್ರಮ

ಸಿ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್‌ನಲ್ಲಿ ಕರೆಂಟ್ ಬಿಲ್ ಪ್ರೋಗ್ರಾಂ ಬಂದ ದಿನ ಬಹಳ ಜನ ಮಾಡುವುದು ಒಂದೇ. ಪ್ರಶ್ನೆಯನ್ನು ಒಮ್ಮೆ ಓದುತ್ತಾರೆ, ಎಡಿಟರ್ ತೆರೆಯುತ್ತಾರೆ, ‘ಇಫ್’ ಎಂದು ಟೈಪ್ ಮಾಡಿ ಅಲ್ಲೇ ನಿಲ್ಲುತ್ತಾರೆ. ಒದ್ದಾಡಿ ಒದ್ದಾಡಿ ಕೊನೆಗೆ ಕಂಪೈಲ್ ಆಗುತ್ತದೆ (ಕಂಪ್ಯೂಟರ್ ಕೋಡನ್ನು ಒಪ್ಪಿಕೊಳ್ಳುತ್ತದೆ), ಆದರೆ ಔಟ್‌ಪುಟ್ ತಪ್ಪು. ಪಕ್ಕದವರ ಕೋಡ್ ನೋಡಿ ಹೇಗೋ ಸರಿಮಾಡಿಕೊಂಡ ಮೇಲೆ, ರೆಕಾರ್ಡ್‌ಗೆ ಬೇಕಲ್ಲ ಎಂದು ಆಲ್ಗಾರಿದಮ್, ಅಂದರೆ ಲೆಕ್ಕದ ಹಂತಗಳನ್ನು, ಬರೆಯುತ್ತಾರೆ. ಮೊದಲು ಆಗಬೇಕಾದ ಕೆಲಸ ಕೊನೆಗೆ ಹೋಗಿರುತ್ತದೆ. ಮುಂದಿನ ವಾರ ಬೇರೆ ಪ್ರೋಗ್ರಾಂ, ಅದೇ ಕಥೆ.

ಕೋಡ್ ಬರೆಯುವ ಮೊದಲು ಅದರ ಹಂತಗಳನ್ನು ನಮ್ಮ ಮಾತಿನಲ್ಲೇ ಸಾಲು ಸಾಲಾಗಿ ಬರೆದುಕೊಳ್ಳುವುದೇ ಸೂಡೋಕೋಡ್. ಈ ಬರಹದಲ್ಲಿ ಒಂದೇ ಒಂದು ಲೆಕ್ಕವನ್ನು ಹಾಗೆ ಕೊನೆಯವರೆಗೂ ಮಾಡೋಣ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಮೊದಲ ವರ್ಷದ ಸಿ ಲ್ಯಾಬ್‌ನಲ್ಲಿ ಬಂದಿರುವ ಪ್ರಶ್ನೆ ಇದು. ಪಿಯು ಮಕ್ಕಳಿಗೂ ಇದೇ ಜಾತಿಯ ಲೆಕ್ಕ ಬರುತ್ತದೆ.

“ಒಂದು ವಿದ್ಯುತ್ ಮಂಡಳಿಯ ದರ ಹೀಗಿದೆ: ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ, ಮುಂದಿನ 100 ಯೂನಿಟ್‌ಗೆ ತಲಾ 90 ಪೈಸೆ, 300 ದಾಟಿದ ಮೇಲೆ ತಲಾ 1 ರೂಪಾಯಿ. ಎಲ್ಲ ಬಳಕೆದಾರರಿಗೂ ಕನಿಷ್ಠ 100 ರೂಪಾಯಿ ಮೀಟರ್ ಶುಲ್ಕ ಇದೆ. ಒಟ್ಟು ಮೊತ್ತ 400 ರೂಪಾಯಿಗಿಂತ ಹೆಚ್ಚಾದರೆ, ಒಟ್ಟು ಮೊತ್ತದ ಶೇ 15ರಷ್ಟು ಸರ್ಚಾರ್ಜ್ ಸೇರುತ್ತದೆ. ಬಳಕೆದಾರರ ಹೆಸರು ಮತ್ತು ಯೂನಿಟ್ ಓದಿಕೊಂಡು ಬಿಲ್ ಮೊತ್ತ ತೋರಿಸಿ.”

ಈ ದರಕ್ಕೂ ನಿಮ್ಮ ಮನೆಗೆ ಬರುವ ಬಿಲ್‌ಗೂ ಹೋಲಿಕೆ ಬೇಡ. ಅಭ್ಯಾಸಕ್ಕೆಂದು ಕೊಟ್ಟ ಅಂಕಿಗಳು ಇವು.

ಬೇಕಾಗುವ ಸಾಮಾನು

ಗೆರೆ ಹಾಕಿದ ಎರಡು ಹಾಳೆ, ಪೆನ್ಸಿಲ್, ರಬ್ಬರ್, ಬೇರೆ ಬಣ್ಣದ ಒಂದು ಪೆನ್ನು, ಕ್ಯಾಲ್ಕುಲೇಟರ್. ಕಂಪ್ಯೂಟರ್ ಆಫ್ ಇದ್ದರೂ ನಡೆಯುತ್ತದೆ, ಆನ್ ಇದ್ದರೆ ಕೀಬೋರ್ಡನ್ನು ಹಿಂದಕ್ಕೆ ತಳ್ಳಿ. ಪೆನ್ಸಿಲ್ಲೇ ಬೇಕು ಎನ್ನುವುದಕ್ಕೆ ಕಾರಣವಿದೆ. ಪೆನ್ನಿನಲ್ಲಿ ಬರೆದ ಸಾಲನ್ನು ಅಳಿಸಲು ಮನಸ್ಸು ಬರುವುದಿಲ್ಲ. ತಪ್ಪು ಸಾಲಿನ ಸುತ್ತಲೇ ಉಳಿದದ್ದನ್ನು ಕಟ್ಟಿಬಿಡುತ್ತೇವೆ.

ಹಂತ 1: ಪ್ರಶ್ನೆಯನ್ನು ಮೂರು ಸಲ ಓದಿ

ಮೊದಲ ಓದಿನಲ್ಲಿ ಒಳಗೆ ಬರುವುದೇನು ಎಂದು ಮಾತ್ರ ಹುಡುಕಿ, ಅಡಿಗೆರೆ ಹಾಕಿ: ಹೆಸರು, ಯೂನಿಟ್. ಎರಡನೇ ಓದಿನಲ್ಲಿ ಹೊರಗೆ ಹೋಗುವುದೇನು: ಹೆಸರು, ಬಿಲ್ ಮೊತ್ತ. ಮೂರನೇ ಓದಿನಲ್ಲಿ ನಿಯಮಗಳನ್ನು ಒಂದೊಂದಾಗಿ ಹಾಳೆಗೆ ಇಳಿಸಿ, ಎಣಿಸಿ. ಇಲ್ಲಿ ಐದು ನಿಯಮ ಇವೆ: ದರಕ್ಕೆ ಮೂರು, ಮೀಟರ್ ಶುಲ್ಕಕ್ಕೆ ಒಂದು, ಸರ್ಚಾರ್ಜ್‌ಗೆ ಒಂದು. ನಿಮ್ಮ ಹಾಳೆಯಲ್ಲಿ ನಾಲ್ಕೇ ಇದ್ದರೆ ಮುಂದೆ ಹೋಗಬೇಡಿ.

ಎರಡು ಅರ್ಥ ಬರುವ ಮಾತು ಕಂಡರೆ ಬಣ್ಣದ ಪೆನ್ನಿನಲ್ಲಿ ಸುತ್ತು ಹಾಕಿ. ಈ ಪ್ರಶ್ನೆಯಲ್ಲಿ ಅಂಥ ಮಾತು ‘ಕನಿಷ್ಠ 100 ರೂಪಾಯಿ ಮೀಟರ್ ಶುಲ್ಕ’. ಯೂನಿಟ್‌ನ ಹಣದ ಮೇಲೆ 100 ರೂಪಾಯಿ ಸೇರಿಸಬೇಕೆ? ಅಥವಾ ಬಿಲ್ 100ಕ್ಕಿಂತ ಕಡಿಮೆ ಬಂದಾಗ ಮಾತ್ರ ಅದನ್ನು 100ಕ್ಕೆ ಏರಿಸಬೇಕೆ? 50 ಯೂನಿಟ್ ಬಳಸಿದವರಿಗೆ ಮೊದಲ ಅರ್ಥದಲ್ಲಿ 140 ರೂಪಾಯಿ, ಎರಡನೇ ಅರ್ಥದಲ್ಲಿ 100. ಸಾಮಾನ್ಯವಾಗಿ ಲ್ಯಾಬ್‌ಗಳಲ್ಲಿ ಸೇರಿಸುವ ಅರ್ಥವನ್ನೇ ತೆಗೆದುಕೊಳ್ಳುತ್ತಾರೆ, ನಾವೂ ಹಾಗೇ ಮಾಡೋಣ. ಆದರೆ ಆ ತೀರ್ಮಾನವನ್ನು ಹಾಳೆಯ ಮೇಲ್ಗಡೆ ಒಂದು ಸಾಲಿನಲ್ಲಿ ಬರೆದಿಡಿ: ‘100 ರೂ. ಎಲ್ಲರಿಗೂ ಸೇರಿಸುತ್ತೇನೆ’. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ ಉತ್ತರ ಇರುತ್ತದೆ. ಮೇಡಂ ಬೇರೆ ಅರ್ಥ ಹೇಳಿದರೆ ಬದಲಿಸಬೇಕಾದ ಜಾಗವೂ ಗೊತ್ತಿರುತ್ತದೆ.

‘400ಕ್ಕಿಂತ ಹೆಚ್ಚಾದರೆ’ ಎಂಬಲ್ಲಿಯೂ ಸುತ್ತು ಹಾಕಿ. ಸರಿಯಾಗಿ 400 ಆದರೆ ಸರ್ಚಾರ್ಜ್ ಇಲ್ಲ. ‘ಹೆಚ್ಚು’ ಮತ್ತು ‘ಅಥವಾ ಹೆಚ್ಚು’ ಇವುಗಳ ನಡುವೆ ಒಂದು ಸಮ ಚಿಹ್ನೆಯ ವ್ಯತ್ಯಾಸ ಇದೆ.

ಹಂತ 2: ಉತ್ತರವನ್ನು ಮೊದಲು ಕೈಯಲ್ಲಿ ತೆಗೆಯಿರಿ

ಎಲ್ಲಕ್ಕಿಂತ ಹೆಚ್ಚು ಜನ ಬಿಡುವ ಹಂತ ಇದು. ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದೂ ಇದಕ್ಕೇ.

ಒಮ್ಮೆ ಲ್ಯಾಬ್‌ನಲ್ಲಿ ಒಬ್ಬ ಹುಡುಗಿಯ ಪ್ರೋಗ್ರಾಂ 250 ಯೂನಿಟ್‌ಗೆ 325 ರೂಪಾಯಿ ತೋರಿಸುತ್ತಿತ್ತು. “ಸರ್, ಎಲ್ಲಿ ತಪ್ಪಾಗಿದೆ ಗೊತ್ತಾಗ್ತಿಲ್ಲ” ಎಂದಳು. ಪರದೆ ನೋಡಬೇಡ, ಈ ಹಾಳೆಯ ಮೇಲೆ 250 ಯೂನಿಟ್ ಬಿಲ್ ಮಾಡಮ್ಮ ಎಂದೆ. ಅವಳು ಯೋಚನೆಯನ್ನೇ ಮಾಡದೆ ಮೊದಲು 160 ಎಂದು ಬರೆದಳು, ಕೆಳಗೆ 45, ಗೆರೆ ಎಳೆದು 205, ಅದರ ಕೆಳಗೆ 100, ಮತ್ತೆ ಗೆರೆ, 305. ಪ್ರೋಗ್ರಾಂನಲ್ಲಿ ಮಾತ್ರ ಪೂರ್ತಿ 250 ಯೂನಿಟ್ಟನ್ನೂ 90 ಪೈಸೆಯಿಂದ ಗುಣಿಸಿದ್ದಳು. ಅವಳ ಕೈಗೆ ಲೆಕ್ಕ ಬರುತ್ತಿತ್ತು. ಕೈ ಏನು ಮಾಡಿತು ಎಂಬುದನ್ನು ಅವಳು ಗಮನಿಸಿಯೇ ಇರಲಿಲ್ಲ. ಸೂಡೋಕೋಡ್ ಎಂದರೆ ಆ ಗಮನಿಸುವ ಕೆಲಸವೇ. ನಿಮ್ಮ ಕೈ ಯಾವ ಕ್ರಮದಲ್ಲಿ ಏನು ಮಾಡಿತು ಎಂದು ಬರೆದುಕೊಳ್ಳುವುದು.

ಹಾಗಾದರೆ ಯಾವ ಅಂಕಿಗಳನ್ನು ಆರಿಸಬೇಕು? 100, 200, 500 ಎಂದು ಕಣ್ಣಿಗೆ ಕಂಡದ್ದನ್ನು ಹಾಕಿದರೆ ಸಾಲದು. ನಿಯಮ ಬದಲಾಗುವ ಗಡಿಗಳನ್ನು ಹಿಡಿಯಬೇಕು. ಪ್ರತಿ ಗಡಿಗೂ ಎರಡು ಅಂಕಿ: ಗಡಿಯ ಮೇಲೆ ಒಂದು, ಅದನ್ನು ದಾಟಿದ ಕೂಡಲೇ ಒಂದು. ಜೊತೆಗೆ ಸೊನ್ನೆ, ಮತ್ತು ದೂರದ ಒಂದು ದೊಡ್ಡ ಅಂಕಿ.

0 ಯೂನಿಟ್: 0 + 100 = 100.00
200 ಯೂನಿಟ್: 160 + 100 = 260.00
201 ಯೂನಿಟ್: 160 + 0.90 + 100 = 260.90
300 ಯೂನಿಟ್: 160 + 90 + 100 = 350.00
301 ಯೂನಿಟ್: 160 + 90 + 1 + 100 = 351.00
350 ಯೂನಿಟ್: 160 + 90 + 50 + 100 = 400.00, ಸರ್ಚಾರ್ಜ್ ಇಲ್ಲ
351 ಯೂನಿಟ್: 401 + 60.15 = 461.15
500 ಯೂನಿಟ್: 550 + 82.50 = 632.50

350 ಮತ್ತು 351 ಪ್ರಶ್ನೆಯಲ್ಲಿ ಎಲ್ಲಿಯೂ ಇಲ್ಲ. ಕೈಯಲ್ಲಿ ಲೆಕ್ಕ ಮಾಡಿದವರಿಗೆ ಮಾತ್ರ ಸಿಗುವ ಗಡಿ ಅದು: 350 ಯೂನಿಟ್‌ಗೆ ಮೊತ್ತ ಸರಿಯಾಗಿ 400ಕ್ಕೆ ಬಂದು ನಿಲ್ಲುತ್ತದೆ.

ಎಚ್ಚರಿಕೆಯ ಗುರುತು: ಪಕ್ಕಪಕ್ಕದ ಎರಡು ಉತ್ತರಗಳ ನಡುವಿನ ಅಂತರ ನೋಡಿ. 200ರಿಂದ 201ಕ್ಕೆ ಹೋದಾಗ 90 ಪೈಸೆ ಏರಿದರೆ ಸರಿ. 20 ರೂಪಾಯಿ 90 ಪೈಸೆ ಏರಿದರೆ, ಎಲ್ಲ ಯೂನಿಟ್‌ಗೂ ಹೊಸ ದರ ಹಾಕಿದ್ದೀರಿ ಎಂದೇ ಅರ್ಥ. 350ರಿಂದ 351ಕ್ಕೆ ಮಾತ್ರ 61 ರೂಪಾಯಿ 15 ಪೈಸೆಯ ಜಿಗಿತ ನಿಜವಾಗಿಯೂ ಇದೆ. ಸರ್ಚಾರ್ಜ್ ಪೂರ್ತಿ ಮೊತ್ತದ ಮೇಲೆ ಬೀಳುವುದರಿಂದ ಅದು ಪ್ರಶ್ನೆಯಲ್ಲೇ ಇರುವ ಜಿಗಿತ. ಯಾವ ಜಿಗಿತ ಪ್ರಶ್ನೆಯದು, ಯಾವುದು ನಮ್ಮ ತಪ್ಪಿನದು ಎಂದು ಇಲ್ಲೇ ತಿಳಿದುಕೊಂಡರೆ ಮುಂದೆ ಗಾಬರಿ ಇರುವುದಿಲ್ಲ.

ಹಂತ 3: ಹೆಸರಿಡಿ, ಅಳತೆ ತೀರ್ಮಾನಿಸಿ

ಕೈಲೆಕ್ಕದಲ್ಲಿ ಯಾವ ಯಾವ ಸಂಖ್ಯೆಯನ್ನು ಮುಂದೆ ಬೇಕೆಂದು ಬರೆದಿಟ್ಟುಕೊಂಡಿರಿ? ಅವೇ ನಿಮ್ಮ ವೇರಿಯಬಲ್‌ಗಳು. ಇಲ್ಲಿ ಮೂರು ಸಾಕು: ಹೆಸರು, ಯೂನಿಟ್, ಮೊತ್ತ. ಎ, ಬಿ, ಎಕ್ಸ್ ಎಂದು ಇಡಬೇಡಿ, ಹತ್ತು ಸಾಲು ಕೆಳಗೆ ಇಳಿಯುವಷ್ಟರಲ್ಲಿ ಯಾವುದು ಏನೆಂದು ಮರೆತುಹೋಗುತ್ತದೆ.

ಇನ್ನೊಂದು ತೀರ್ಮಾನ ಈಗಲೇ ಆಗಬೇಕು. ಮೊತ್ತ ರೂಪಾಯಿಯಲ್ಲೋ ಪೈಸೆಯಲ್ಲೋ? ಪ್ರಶ್ನೆಯಲ್ಲಿ ಎರಡೂ ಕಲಸಿಕೊಂಡಿವೆ. ನನ್ನ ಸಲಹೆ ಪೈಸೆ. ಆಗ ದರಗಳು 80, 90, 100 ಎಂದು ಪೂರ್ಣಾಂಕಗಳಾಗುತ್ತವೆ, ಮೀಟರ್ ಶುಲ್ಕ 10000, ಸರ್ಚಾರ್ಜ್ ಗಡಿ 40000. ಕೊನೆಯ ಸಾಲಿನಲ್ಲಿ ಮಾತ್ರ ರೂಪಾಯಿಗೆ ತಿರುಗಿಸಿದರಾಯಿತು. ಒಂದು ಸಾಲು ರೂಪಾಯಿ, ಇನ್ನೊಂದು ಸಾಲು ಪೈಸೆ ಆದರೆ 80 ಪೈಸೆ 80 ರೂಪಾಯಿಯಾಗಿ ಬಿಲ್ ಸಾವಿರಗಟ್ಟಲೆ ಬರುತ್ತದೆ.

ಹಂತ 4: ಮೊದಲು ಎಲುಬು, ಆಮೇಲೆ ಮಾಂಸ

ಒಂದೇ ಸಲಕ್ಕೆ ಪೂರ್ತಿ ಬರೆಯಲು ಹೋಗಬೇಡಿ. ಐದು ಸಾಲಿನಲ್ಲಿ ಇಡೀ ಕೆಲಸವನ್ನು ಹೇಳಿ:

1. ಹೆಸರು, ಯೂನಿಟ್ ಓದು
2. ಯೂನಿಟ್‌ಗೆ ತಕ್ಕ ಮೊತ್ತ ತೆಗೆ
3. ಮೀಟರ್ ಶುಲ್ಕ ಸೇರಿಸು
4. ಬೇಕಾದರೆ ಸರ್ಚಾರ್ಜ್ ಸೇರಿಸು
5. ಹೆಸರು, ಮೊತ್ತ ತೋರಿಸು

ಈಗ ಕ್ರಮವನ್ನು ಅಲ್ಲಾಡಿಸಿ ನೋಡಿ. 3 ಮತ್ತು 4ನೇ ಸಾಲು ಅದಲು ಬದಲಾದರೆ ಏನಾಗುತ್ತದೆ? 351 ಯೂನಿಟ್‌ಗೆ ಶುಲ್ಕ ಸೇರುವ ಮುಂಚಿನ ಮೊತ್ತ 301 ರೂಪಾಯಿ. ಅದು 400 ದಾಟಿಲ್ಲ, ಆದ್ದರಿಂದ ಸರ್ಚಾರ್ಜ್ ಬೀಳುವುದೇ ಇಲ್ಲ. ಬಿಲ್ 461.15ರ ಬದಲು 401. ಕಂಪೈಲರ್ ಈ ತಪ್ಪನ್ನು ಎಂದಿಗೂ ಹೇಳುವುದಿಲ್ಲ, ಏಕೆಂದರೆ ಅದರ ದೃಷ್ಟಿಯಲ್ಲಿ ಎರಡೂ ಸಾಲು ಸರಿ. ಕ್ರಮದ ತಪ್ಪನ್ನು ಹಿಡಿಯಲು ಕಾಗದವೇ ಸರಿಯಾದ ಜಾಗ.

ಹಂತ 5: ಒಂದೊಂದು ಸಾಲನ್ನು ಬಿಡಿಸಿ

1, 3, 5ನೇ ಸಾಲುಗಳಿಗೆ ಹೆಚ್ಚು ಕೆಲಸವಿಲ್ಲ. ಬಿಡಿಸಬೇಕಾದದ್ದು 2 ಮತ್ತು 4. ಕೈಲೆಕ್ಕದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯಿರಿ.

ಕನ್ನಡದಲ್ಲೇ ಬರೆಯಿರಿ. ಸೂಡೋಕೋಡನ್ನು ಯಂತ್ರ ಓದುವುದಿಲ್ಲ, ನೀವು ಓದುತ್ತೀರಿ. ಲೆಕ್ಕವನ್ನು ಕನ್ನಡದಲ್ಲಿ ಯೋಚಿಸಿ ಅದನ್ನು ಅರ್ಧಂಬರ್ಧ ಇಂಗ್ಲಿಷಿಗೆ ತಿರುಗಿಸುವಾಗಲೇ ‘ಆದರೆ’, ‘ಇಲ್ಲವಾದರೆ’ಗಳು ಕಳೆದುಹೋಗುತ್ತವೆ. ರೆಕಾರ್ಡ್‌ಗೆ ಇಂಗ್ಲಿಷ್ ಬೇಕೇ ಬೇಕು ಎಂದರೆ ಎಲ್ಲ ಮುಗಿದ ಮೇಲೆ ತಿರುಗಿಸಿಕೊಳ್ಳಿ.

ಆರಂಭ
  ಓದು ಹೆಸರು, ಯೂನಿಟ್
  ಯೂನಿಟ್ <= 200 ಆದರೆ
    ಮೊತ್ತ = ಯೂನಿಟ್ × 80
  ಇಲ್ಲವಾದರೆ, ಯೂನಿಟ್ <= 300 ಆದರೆ
    ಮೊತ್ತ = 200 × 80 + (ಯೂನಿಟ್ − 200) × 90
  ಇಲ್ಲವಾದರೆ
    ಮೊತ್ತ = 200 × 80 + 100 × 90 + (ಯೂನಿಟ್ − 300) × 100
  ಇಲ್ಲಿಗೆ ಮುಗಿಯಿತು
  ಮೊತ್ತ = ಮೊತ್ತ + 10000
  ಮೊತ್ತ > 40000 ಆದರೆ
    ಮೊತ್ತ = ಮೊತ್ತ + ಮೊತ್ತ × 15 / 100
  ಇಲ್ಲಿಗೆ ಮುಗಿಯಿತು
  ತೋರಿಸು ಹೆಸರು, ಮೊತ್ತ / 100 (ರೂಪಾಯಿಯಲ್ಲಿ)
ಅಂತ್ಯ

200 × 80 ಎಂದು ಬರೆಯುವ ಬದಲು 16000 ಎಂದೇ ಬರೆಯಬಹುದಲ್ಲ ಎನ್ನಿಸಬಹುದು. ಬೇಡ. ನಾಳೆ 80 ಪೈಸೆ 85 ಆದರೆ, 16000 ಎಲ್ಲಿಂದ ಬಂತು ಎಂದು ನೀವೇ ತಲೆ ಕೆರೆದುಕೊಳ್ಳುತ್ತೀರಿ.

ಸಾಲುಗಳನ್ನು ಒಳಕ್ಕೆ ಸರಿಸಿ ಬರೆಯುವುದನ್ನು ಬಿಡಬೇಡಿ. ಯಾವ ಸಾಲು ಯಾವ ‘ಆದರೆ’ಯ ಹೊಟ್ಟೆಯೊಳಗಿದೆ ಎಂದು ತೋರಿಸುವುದು ಆ ಜಾಗವೇ. ‘ಮೊತ್ತ = ಮೊತ್ತ + 10000’ ಸಾಲು ಸ್ವಲ್ಪ ಒಳಕ್ಕೆ ಜಾರಿದರೆ 300 ದಾಟಿದವರಿಗೆ ಮಾತ್ರ ಮೀಟರ್ ಶುಲ್ಕ ಬೀಳುತ್ತದೆ.

ಎಷ್ಟು ವಿವರವಾಗಿ ಬರೆಯಬೇಕು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ‘ಬಿಲ್ ಲೆಕ್ಕ ಹಾಕು’ ಎಂದು ಒಂದೇ ಸಾಲು ಬರೆದರೆ ಯೋಜನೆಯೇ ಆಗಿಲ್ಲ. ಸೆಮಿಕೋಲನ್, ಆವರಣ ಚಿಹ್ನೆ, ಶೇಕಡಾ ಚಿಹ್ನೆಗಳೆಲ್ಲ ಬಂದರೆ ನೀವು ಆಗಲೇ ಕೋಡ್ ಬರೆಯುತ್ತಿದ್ದೀರಿ, ಗಮನ ಲೆಕ್ಕದಿಂದ ವ್ಯಾಕರಣಕ್ಕೆ ಜಾರಿದೆ. ಸೂಡೋಕೋಡಿನ ಒಂದು ಸಾಲಿಗೆ ಕೋಡಿನಲ್ಲಿ ಒಂದರಿಂದ ಮೂರು ಸಾಲು ಬಂದರೆ ಹದ ಸರಿಯಿದೆ.

ಈ ಹಂತದಲ್ಲಿ ಪದೇ ಪದೇ ಆಗುವ ತಪ್ಪುಗಳು ಮೂರು.

ಮೊದಲನೆಯದು, ದೊಡ್ಡ ಬಲೆಯನ್ನು ಮೊದಲು ಬೀಸುವುದು. ‘ಯೂನಿಟ್ > 200 ಆದರೆ’ ಎಂದು ಮೊದಲು ಕೇಳಿ, ‘ಇಲ್ಲವಾದರೆ ಯೂನಿಟ್ > 300 ಆದರೆ’ ಎಂದು ಆಮೇಲೆ ಕೇಳಿದರೆ, 500 ಯೂನಿಟ್ ಮೊದಲನೆಯದರಲ್ಲೇ ಸಿಕ್ಕಿಬೀಳುತ್ತದೆ. 300ರ ಸಾಲಿಗೆ ಯಾರೂ ತಲುಪುವುದೇ ಇಲ್ಲ. ‘<=’ ಬಳಸಿದರೆ ಚಿಕ್ಕದರಿಂದ ದೊಡ್ಡದಕ್ಕೆ ಹೋಗಿ, ‘>’ ಬಳಸಿದರೆ ದೊಡ್ಡದರಿಂದ ಚಿಕ್ಕದಕ್ಕೆ ಬನ್ನಿ.

ಎರಡನೆಯದು, ‘ಇಲ್ಲವಾದರೆ’ ಎಂಬ ಪದವನ್ನು ನುಂಗುವುದು. ‘ಯೂನಿಟ್ <= 200 ಆದರೆ’ ಮುಗಿಸಿ, ಬಿಡಿಯಾಗಿ ‘ಯೂನಿಟ್ <= 300 ಆದರೆ’ ಎಂದು ಬರೆದರೆ, 0 ಯೂನಿಟ್ ಎರಡರಲ್ಲೂ ತೂರುತ್ತದೆ. ಎರಡನೇ ಸೂತ್ರ ಮೊದಲನೆಯ ಉತ್ತರವನ್ನು ಅಳಿಸಿ 160 − 180, ಅಂದರೆ −20 ಕೊಡುತ್ತದೆ. ಮೀಟರ್ ಶುಲ್ಕ ಸೇರಿ ಬಿಲ್ 80 ರೂಪಾಯಿ! ಎಲ್ಲರಿಗೂ ಕನಿಷ್ಠ 100 ಇರುವಾಗ 80 ಬರುವುದು ಹೇಗೆ? ಸೊನ್ನೆಯನ್ನು ಪರೀಕ್ಷೆಗೆ ಇಟ್ಟುಕೊಂಡದ್ದು ಇದಕ್ಕೇ.

ಮೂರನೆಯದು, ಗಣಿತದ ಪುಸ್ತಕದ ಹಾಗೆ ‘200 < ಯೂನಿಟ್ < 300’ ಎಂದು ಬರೆಯುವುದು. ಇದರಲ್ಲಿ ಸರಿಯಾಗಿ 300 ಇದ್ದವರು ಬಿಟ್ಟುಹೋಗುತ್ತಾರೆ ಎನ್ನುವುದು ಒಂದು. ಸಿ ಭಾಷೆಗೆ ಇದನ್ನು ಹಾಗೇ ಇಳಿಸಿದರೆ ಇನ್ನೂ ಕೆಟ್ಟದ್ದು ಆಗುತ್ತದೆ: ಮೊದಲ ಅರ್ಧಕ್ಕೆ 0 ಅಥವಾ 1 ಉತ್ತರ ಬಂದು, ಆ 0 ಅಥವಾ 1 ಎಂಬುದು 300ಕ್ಕಿಂತ ಚಿಕ್ಕದೇ ಎಂದು ಕೇಳಿದಂತಾಗುತ್ತದೆ. ಉತ್ತರ ಯಾವಾಗಲೂ ಹೌದು.

ಹಂತ 6: ಡ್ರೈ ರನ್ (ಕಾಗದದ ಮೇಲೇ ಓಡಿಸಿ ನೋಡುವುದು)

ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಸಾಲು, ಯೂನಿಟ್, ಮೊತ್ತ. 351 ಹಾಕಿ ಮೇಲಿನಿಂದ ಒಂದೊಂದೇ ಸಾಲು ಇಳಿಯಿರಿ. ಬೆರಳು ಸಾಲಿನ ಮೇಲೇ ಇರಲಿ.

351 <= 200? ಇಲ್ಲ. 351 <= 300? ಇಲ್ಲ. ಮೂರನೇ ಭಾಗಕ್ಕೆ ಇಳಿಯಿರಿ: 16000 + 9000 + 51 × 100. ಮೊತ್ತ 30100. ಶುಲ್ಕ ಸೇರಿ 40100. 40100 > 40000? ಹೌದು. 40100 × 15 / 100 ಎಂದರೆ 6015. ಮೊತ್ತ 46115. ತೋರಿಸುವುದು 461.15. ಎರಡನೇ ಹಂತದ ಪಟ್ಟಿ ನೋಡಿ, ತಾಳೆಯಾಯಿತು.

ಹಳೆಯ ಬೆಲೆಯನ್ನು ಅಳಿಸಬೇಡಿ, ಒಂದು ಗೆರೆ ಹೊಡೆದು ಕೆಳಗೆ ಹೊಸದನ್ನು ಬರೆಯಿರಿ. ತಪ್ಪು ಎಲ್ಲಿ ಶುರುವಾಯಿತು ಎಂದು ಹಿಂದಕ್ಕೆ ಹೋಗಿ ನೋಡಲು ಅವು ಬೇಕು. ಎಂಟೂ ಅಂಕಿಗೆ ಮಾಡಲು ಸಮಯ ಇಲ್ಲದಿದ್ದರೆ 0, 201, 350, 351 ಇಷ್ಟನ್ನಾದರೂ ಮಾಡಿ.

ನಾವೇ ಬರೆದದ್ದನ್ನು ನಾವೇ ಓದುವಾಗ, ಬರೆಯದ ಸಾಲನ್ನೂ ಮನಸ್ಸು ಸೇರಿಸಿಕೊಂಡು ಓದುತ್ತದೆ. ಅದಕ್ಕೆ ಒಂದು ಉಪಾಯವಿದೆ. ಹಾಳೆಯನ್ನು ಪಕ್ಕದವರ ಕೈಗೆ ಕೊಡಿ, ಪ್ರಶ್ನೆಯನ್ನು ಕೊಡಬೇಡಿ. 250 ಯೂನಿಟ್ ಎಂದು ಹೇಳಿ ಸುಮ್ಮನೆ ಕೂತಿರಿ. ಅವರು “ಇಲ್ಲಿ ಏನು ಮಾಡಬೇಕು?” ಎಂದು ಕೇಳಿದ ಕಡೆಯಲ್ಲೆಲ್ಲ ಒಂದು ಸಾಲು ಕಡಿಮೆಯಿದೆ. ಬಾಯಲ್ಲಿ ವಿವರಿಸಲು ಹೋಗಬೇಡಿ, ಆ ಸಾಲನ್ನು ಹಾಳೆಗೆ ಸೇರಿಸಿ.

ಹಂತ 7: ಕೆಟ್ಟ ಇನ್‌ಪುಟ್‌ಗೆ ಒಂದು ಸಾಲು

ಯೂನಿಟ್ −5 ಎಂದು ಕೊಟ್ಟರೆ? ‘ಓದು’ ಸಾಲಿನ ಕೆಳಗೆ ‘ಯೂನಿಟ್ < 0 ಆದರೆ ತಪ್ಪು ಎಂದು ತೋರಿಸಿ ನಿಲ್ಲಿಸು’ ಎಂದು ಸೇರಿಸಿ. ಇದನ್ನು ಕೊನೆಗೆ ಇಟ್ಟಿರುವುದು ಬೇಕೆಂದೇ. ಲೆಕ್ಕ ಸರಿಯಾಗುವ ಮುಂಚೆ ಇಂಥ ಸಾಲುಗಳನ್ನು ತುಂಬಿದರೆ ಮುಖ್ಯ ದಾರಿಯೇ ಮುಚ್ಚಿಹೋಗುತ್ತದೆ.

ಹಂತ 8: ಕೋಡಿಗೆ ಇಳಿಸಿ

ಈಗ ಕೀಬೋರ್ಡ್ ಹತ್ತಿರ ಎಳೆದುಕೊಳ್ಳಿ. ಮೊದಲು ಸೂಡೋಕೋಡಿನ ಸಾಲುಗಳನ್ನೇ ಕಾಮೆಂಟ್‌ಗಳಾಗಿ (ಕಂಪೈಲರ್ ಬಿಟ್ಟುಬಿಡುವ ಟಿಪ್ಪಣಿಗಳಾಗಿ) ಟೈಪ್ ಮಾಡಿ. ಆಮೇಲೆ ಪ್ರತಿ ಕಾಮೆಂಟಿನ ಕೆಳಗೆ ಅದರ ಕೋಡ್ ಬರೆಯಿರಿ. ಮೂರು ನಾಲ್ಕು ಸಾಲಿಗೊಮ್ಮೆ ಕಂಪೈಲ್ ಮಾಡಿ. ಬರೆಯುತ್ತಾ ಯೋಜನೆಯನ್ನೇ ಬದಲಿಸಬೇಕು ಅನ್ನಿಸಿದರೆ ನಿಲ್ಲಿಸಿ, ಕಾಗದಕ್ಕೆ ಹಿಂದಿರುಗಿ, ಅಲ್ಲಿ ಬದಲಿಸಿ ಬನ್ನಿ.

ಸಿ ಭಾಷೆಯಲ್ಲಿ ನೋಡಿಕೊಳ್ಳಬೇಕಾದ ಜಾಗಗಳು ಇವು. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಶೇಷ ಬಿದ್ದುಹೋಗುತ್ತದೆ. 46115 / 100 ಎಂದರೆ 461 ಅಷ್ಟೇ, 15 ಪೈಸೆ ಮಾಯ. ಆದ್ದರಿಂದ ಕೊನೆಯ ಸಾಲಿನಲ್ಲಿ 100.0 ಎಂದು ಭಾಗಿಸಿ. ಟರ್ಬೊ ಸಿ ಎಂಬ ಹಳೆಯ ಕಂಪೈಲರ್ ಇರುವ ಲ್ಯಾಬ್ ಆದರೆ ಅಲ್ಲಿನ ‘ಇಂಟ್’ (ಪೂರ್ಣಾಂಕದ ವೇರಿಯಬಲ್) 32767ಕ್ಕಿಂತ ದೊಡ್ಡ ಸಂಖ್ಯೆಯನ್ನು ಹಿಡಿಯುವುದಿಲ್ಲ. ನಮ್ಮ 40000 ಪೈಸೆ ಅದರೊಳಗೆ ಹೊಂದದು, ಬಿಲ್ ಋಣ ಸಂಖ್ಯೆಯಾಗಿ ಬರುತ್ತದೆ. ಯೂನಿಟ್, ಮೊತ್ತ ಎರಡನ್ನೂ ಇನ್ನೂ ದೊಡ್ಡ ಪೂರ್ಣಾಂಕ ಹಿಡಿಯುವ ‘ಲಾಂಗ್’ ಎಂದು ಘೋಷಿಸಿ. ಹೆಸರಿನಲ್ಲಿ ಇನಿಷಿಯಲ್ ಮುಂದೆ ಜಾಗ ಬಿಟ್ಟಿದ್ದರೆ ‘ಸ್ಕ್ಯಾನ್‌ಎಫ್’ನ ಸಾಮಾನ್ಯ ಸ್ಟ್ರಿಂಗ್ (ಅಕ್ಷರಗಳ ಸಾಲು) ಓದು ಅಲ್ಲಿಗೇ ನಿಲ್ಲುತ್ತದೆ. ಉಳಿದ ಅರ್ಧ ಹೆಸರು ಯೂನಿಟ್‌ನ ಸರದಿಗೆ ಬಂದು ನುಗ್ಗುತ್ತದೆ. ಪೂರ್ತಿ ಸಾಲನ್ನು ಓದುವ ‘ಎಫ್‌ಗೆಟ್ಸ್’ ಬಳಸಿ.

ಹಂತ 9: ತಪ್ಪು ಉತ್ತರವೇ ಜಾಗ ತೋರಿಸುತ್ತದೆ

ಪ್ರೋಗ್ರಾಂ ಓಡಿದ ಮೇಲೆ ಎರಡನೇ ಹಂತದ ಎಂಟೂ ಅಂಕಿಗಳನ್ನು ಕೊಟ್ಟು, ಪಕ್ಕದಲ್ಲಿ ಟಿಕ್ ಹಾಕುತ್ತಾ ಬನ್ನಿ. 500 ಯೂನಿಟ್‌ಗೆ 632.50 ಬರದಿದ್ದರೆ ಕೋಡನ್ನು ಮೇಲಿಂದ ಕೆಳಗೆ ಸುಮ್ಮನೆ ದಿಟ್ಟಿಸಬೇಡಿ. ಬಂದ ಸಂಖ್ಯೆಯನ್ನು ನೋಡಿ.

690.00 ಬಂದರೆ ಎಲ್ಲ 500 ಯೂನಿಟ್‌ಗೂ 1 ರೂಪಾಯಿ ಹಾಕಿದ್ದೀರಿ, ಮೊದಲ 300 ಯೂನಿಟ್‌ಗೆ ಅವುಗಳ ದರ ಹಾಕಿಲ್ಲ.
609.50 ಬಂದರೆ 200ರ ಪ್ರಶ್ನೆ 300ರ ಪ್ರಶ್ನೆಗಿಂತ ಮೊದಲು ಬಂದಿದೆ.
617.50 ಬಂದರೆ ಸರ್ಚಾರ್ಜ್ ಆದ ಮೇಲೆ ಮೀಟರ್ ಶುಲ್ಕ ಸೇರಿಸಿದ್ದೀರಿ.
517.50 ಬಂದರೆ ಮೀಟರ್ ಶುಲ್ಕವೇ ಸೇರಿಲ್ಲ.
550.00 ಬಂದರೆ ಸರ್ಚಾರ್ಜ್ ಸೊನ್ನೆಯಾಗಿದೆ. ‘15 / 100’ ಎಂಬುದನ್ನು ಮೊದಲು ಭಾಗಿಸಿ ಆಮೇಲೆ ಮೊತ್ತದಿಂದ ಗುಣಿಸಿದ್ದೀರಾ ನೋಡಿ, ಪೂರ್ಣಾಂಕದ ಲೆಕ್ಕದಲ್ಲಿ ಅದು 0.
632 ಮಾತ್ರ ಬಂದರೆ ಕೊನೆಯ ಭಾಗಾಕಾರದಲ್ಲಿ 100.0 ಬದಲು 100 ಇದೆ.

500 ಸರಿಯಾಗಿ ಬಂದು 350ಕ್ಕೆ ಮಾತ್ರ 460 ತೋರಿಸಿದರೆ, ‘>’ ಇರಬೇಕಾದ ಕಡೆ ‘>=’ ಬಿದ್ದಿದೆ. ಸರಿಪಡಿಸಿದ ಮೇಲೆ ಆ ಒಂದು ಅಂಕಿಯನ್ನಷ್ಟೇ ಮತ್ತೆ ಪರೀಕ್ಷಿಸಿ ಬಿಡಬೇಡಿ. ಎಂಟನ್ನೂ ಮೊದಲಿನಿಂದ ಓಡಿಸಿ, ಕಾಗದದ ಮೇಲೂ ಅದೇ ಚಿಹ್ನೆಯನ್ನು ತಿದ್ದಿ, ಆ ಹಾಳೆಯನ್ನೇ ನೋಡಿ ರೆಕಾರ್ಡ್ ಬರೆಯಿರಿ.